ಮಾಮೂಲಿ ಬೈಕಿನಲ್ಲಿ ತೋಟದ ಜಲ್ಲಿ ದಾರಿ ಇಳಿಯಬಹುದಾ?

ಓದುಗರ ಪ್ರಶ್ನೆ: ನನ್ನ ಹತ್ತಿರ ಇರೋದು ಮಾಮೂಲಿ 150 ಸಿಸಿ ಬೈಕ್. ಸೋಮವಾರಪೇಟೆ ಕಡೆ ನೆಂಟರ ತೋಟಕ್ಕೆ ಹೋಗುವಾಗ ಕೊನೆಯ ನಾಲ್ಕೈದು ಕಿಲೋಮೀಟರ್ ಪೂರ್ತಿ ಜಲ್ಲಿ, ಮಣ್ಣು. ಮುಂದಿನ ಚಕ್ರ ಅಲ್ಲಾಡಿದಾಗಲೆಲ್ಲ ಎದೆ ಝಲ್ ಅನ್ನುತ್ತದೆ. ಇಂಥ ದಾರಿಗೆ ಬೇರೆ ಬೈಕೇ ಬೇಕಾ?

ಬೇಡ. ಕೊಡಗಿನ ತೋಟದ ದಾರಿಗಳಲ್ಲಿ ದಿನಾ ಓಡಾಡುವವರ ಗಾಡಿ ಯಾವುದು ಅಂತ ಒಮ್ಮೆ ಗಮನಿಸಿ. ಸ್ಪ್ಲೆಂಡರ್, ಪಲ್ಸರ್, ಇಲ್ಲಾ ಸ್ಕೂಟರ್. ಎತ್ತರದ ಬೈಕ್ ಇದ್ದರೆ ಅನುಕೂಲ ಹೌದು. ರಾಯಲ್ ಎನ್‌ಫೀಲ್ಡ್‌ನ ಎತ್ತರದ ಬೈಕ್ ಹಿಮಾಲಯನ್ 411ರ ಹೊಟ್ಟೆ ನೆಲದಿಂದ 220 ಮಿಲಿಮೀಟರ್ ಮೇಲಿದ್ದರೆ ನಿಮ್ಮ ಬೈಕಿನದ್ದು 165ರ ಆಸುಪಾಸು ಇರುತ್ತದೆ. ಆದರೆ ಆ ವ್ಯತ್ಯಾಸ ಲೆಕ್ಕಕ್ಕೆ ಬರೋದು ದೊಡ್ಡ ಕಲ್ಲು, ಕೊರಕಲು ದಾಟುವಾಗ. ಜಲ್ಲಿಯ ಮೇಲೆ ಬೀಳುವವರು ಹೆಚ್ಚಾಗಿ ಬೀಳೋದು ಕೈ ಬಿಗಿ ಹಿಡಿದಿದ್ದಕ್ಕೆ, ಇಲ್ಲಾ ಬ್ರೇಕ್ ತಪ್ಪು ಜಾಗದಲ್ಲಿ ಒತ್ತಿದ್ದಕ್ಕೆ.

ಮೊದಲು ಆ ಅಲ್ಲಾಟದ ವಿಷಯ. ಕಣದಲ್ಲಿ ಒಣಗಲು ಹಾಕಿದ ಕರಿಮೆಣಸಿನ ಮೇಲೆ ಚಪ್ಪಲಿ ಹಾಕಿ ನಡೆದಿದ್ದೀರಾ? ಕಾಳು ಉರುಳುತ್ತದೆ, ಕಾಲು ನೆಲಕ್ಕೆ ಸಿಗೋದಿಲ್ಲ. ಟೈರಿಗೂ ಅದೇ ಗತಿ. ಕೆಳಗೆ ಗಟ್ಟಿ ನೆಲ ಇದ್ದರೂ ಮಧ್ಯೆ ಉರುಳುವ ಕಲ್ಲು ಇರೋದರಿಂದ ಚಕ್ರ ಆ ಕಡೆ ಈ ಕಡೆ ಸರಿಯುತ್ತದೆ. ಇದು ಸಹಜ. ಮುಂದಿನ ಚಕ್ರ ಹಿಡಿದಿರುವ ಕವೆ, ಅಂದರೆ ಫೋರ್ಕ್, ಓರೆಯಾಗಿ ಕೂತಿರುವುದರಿಂದ ಟೈರ್ ನೆಲ ಮುಟ್ಟುವ ಜಾಗ ಹ್ಯಾಂಡಲ್ ತಿರುಗುವ ಗೆರೆಗಿಂತ ಸ್ವಲ್ಪ ಹಿಂದಕ್ಕೆ ಬೀಳುತ್ತದೆ. ಹಾಗಾಗಿ ಗಾಡಿ ಮುಂದೆ ಹೋಗುತ್ತಿರುವಷ್ಟು ಹೊತ್ತು ಚಕ್ರ ತಾನಾಗಿಯೇ ನೇರಕ್ಕೆ ಬರಲು ನೋಡುತ್ತದೆ. ನೀವು ಹ್ಯಾಂಡಲ್ ಬಿಗಿ ಹಿಡಿದರೆ ಅದಕ್ಕೆ ಅಡ್ಡ ಬಂದ ಹಾಗೆ.

ಆದ್ದರಿಂದ ಕೈ ಸಡಿಲ ಬಿಡಿ, ಮೊಣಕೈ ಸ್ವಲ್ಪ ಮಡಚಿ, ತೊಡೆಯಿಂದ ಟ್ಯಾಂಕ್ ಒತ್ತಿ ಹಿಡಿಯಿರಿ. ಭಾರವೆಲ್ಲ ಕಾಲಿನ ಮೇಲೆ ಇರಬೇಕು. ದಾರಿ ತೀರಾ ಕೆಟ್ಟಿದ್ದರೆ ಫುಟ್‌ಪೆಗ್ ಮೇಲೆ ಎದ್ದು ನಿಲ್ಲಿ. ರೋಡ್ ಬೈಕಿನ ಹ್ಯಾಂಡಲ್ ತಗ್ಗಿನಲ್ಲಿ ಇರೋದರಿಂದ ಪೂರ್ತಿ ನೆಟ್ಟಗೆ ನಿಲ್ಲಲು ಆಗೋದಿಲ್ಲ, ಸೀಟಿನಿಂದ ನಾಲ್ಕು ಬೆರಳು ಮೇಲೆದ್ದರೂ ಸಾಕು. ಕಣ್ಣು ದೂರಕ್ಕೆ ಇರಲಿ. ಚಕ್ರದ ಬುಡವನ್ನೇ ನೋಡುತ್ತಾ ಹೋದರೆ ಯಾವ ಕಲ್ಲು ತಪ್ಪಿಸಬೇಕು ಅಂದುಕೊಂಡಿರೋ ಅದರ ಮೇಲೇ ಹೋಗುತ್ತೀರಿ.

ಹತ್ತುವಾಗ ಎರಡನೇ ಗೇರಿನಲ್ಲಿ ಒಂದೇ ಸಮ ಥ್ರಾಟಲ್ ಕೊಡಿ, ಮಧ್ಯೆ ನಿಲ್ಲಿಸಬೇಡಿ. ಅಷ್ಟೇ.

ಕಷ್ಟ ಇರೋದು ಇಳಿಯುವಾಗ. ನಮ್ಮಲ್ಲಿ ತೋಟಕ್ಕೆ ಹೋಗುವ ದಾರಿ ಅಂದರೆ ಸಾಮಾನ್ಯವಾಗಿ ಇಳಿಜಾರು, ಕೊನೆಗೊಂದು ಹೇರ್‌ಪಿನ್ ತಿರುವು ಇದ್ದೇ ಇರುತ್ತದೆ. ಆ ತಿರುವನ್ನು ಹತ್ತಿರದಿಂದ ನೋಡಿ. ಜೀಪು, ಟ್ರ್ಯಾಕ್ಟರ್ ಓಡಾಡಿ ಎರಡು ಗಾಲಿ ಜಾಡು ಗಟ್ಟಿಯಾಗಿ ನುಣುಪಾಗಿರುತ್ತದೆ. ಅಲ್ಲಿಂದ ಎದ್ದ ಜಲ್ಲಿಯೆಲ್ಲ ನಡುವಿನ ದಿಬ್ಬಕ್ಕೂ ಹೊರ ಅಂಚಿಗೂ ಹೋಗಿ ಗುಡ್ಡೆಯಾಗಿ ಬಿದ್ದಿರುತ್ತದೆ. ನಿಮಗೆ ಬೇಕಾದ್ದು ಆ ಜಾಡು. ತಿರುವು ಬರುವ ಮೊದಲೇ ಒಂದು ಜಾಡು ಹಿಡಿದು, ತಿರುವು ಮುಗಿಯುವ ತನಕ ಅದರಲ್ಲೇ ಇರಿ. ಎದುರಿಗೆ ಜೀಪು ಬಂದು ದಿಬ್ಬ ದಾಟಲೇಬೇಕಾದರೆ ಓರೆಯಾಗಿ ಸವರಿಕೊಂಡು ಹೋಗಬೇಡಿ, ವೇಗ ತಗ್ಗಿಸಿ ಆದಷ್ಟು ನೇರಕ್ಕೆ ಅಡ್ಡ ದಾಟಿ.

ಬ್ರೇಕ್ ಕೆಲಸವೆಲ್ಲ ತಿರುವಿಗೆ ಮುಂಚೆ, ಬೈಕ್ ನೆಟ್ಟಗಿರುವಾಗಲೇ ಮುಗಿಯಬೇಕು. ಮೊದಲ ಅಥವಾ ಎರಡನೇ ಗೇರಿಗೆ ಇಳಿಸಿ, ಕ್ಲಚ್ ಬಿಟ್ಟು, ಎಂಜಿನ್ನೇ ಗಾಡಿಯನ್ನು ಹಿಡಿಯಲು ಬಿಡಿ. ಕ್ಲಚ್ ಒತ್ತಿ ನ್ಯೂಟ್ರಲ್‌ನಲ್ಲಿ ಇಳಿಯುವ ಚಟ ಕೆಲವರಿಗಿದೆ, ದಯವಿಟ್ಟು ಬೇಡ. ಮುಂದಿನ ಬ್ರೇಕ್ ಮುಟ್ಟಲೇಬಾರದು ಅನ್ನೋದೂ ಸರಿಯಲ್ಲ. ಒಂದೇ ಬೆರಳಿನಲ್ಲಿ, ಮೆಲ್ಲಗೆ, ಹ್ಯಾಂಡಲ್ ನೇರ ಇರುವಾಗ ಧಾರಾಳವಾಗಿ ಹಿಡಿಯಬಹುದು. ಹ್ಯಾಂಡಲ್ ತಿರುಗಿರುವಾಗ ಗಟ್ಟಿಯಾಗಿ ಹಿಡಿದರೆ ಮಾತ್ರ ಚಕ್ರ ಕೆಳಗಿನಿಂದ ಜಾರಿಬಿಡುತ್ತದೆ, ಏನಾಯ್ತು ಅಂತ ನೋಡುವಷ್ಟರಲ್ಲಿ ನೆಲದ ಮೇಲಿರುತ್ತೀರಿ.

ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದೆಯಲ್ವಾ ಅಂತ ಕೇಳಬಹುದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಅದು ಕಡ್ಡಾಯ. ಆದರೆ 150 ಸಿಸಿ ವರ್ಗದಲ್ಲಿ ಬಹಳಷ್ಟು ಬೈಕುಗಳದ್ದು ಸಿಂಗಲ್ ಚಾನೆಲ್, ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದ್ದು ಜೋರಾಗಿ ಒತ್ತಿದರೆ ಲಾಕ್ ಆಗುತ್ತದೆ. ಇನ್ನು ಜಲ್ಲಿ ಇಳಿಜಾರಿನಲ್ಲಿ ಎಬಿಎಸ್ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯೋದರಿಂದ ಗಾಡಿ ನಿಲ್ಲಲು ಜಾಸ್ತಿ ದೂರ ಬೇಕು. ಅದನ್ನು ಮೊದಲೇ ಲೆಕ್ಕ ಹಾಕಿಕೊಂಡು ನಿಧಾನಕ್ಕೆ ಇಳಿಯಿರಿ.

ಟೈರ್ ಗಾಳಿ ಮೂರ್ನಾಲ್ಕು ಪಿಎಸ್‌ಐ ಇಳಿಸಿದರೆ ಹಿಡಿತ ಸ್ವಲ್ಪ ಹೆಚ್ಚುತ್ತದೆ. ಅದಕ್ಕಿಂತ ಜಾಸ್ತಿ ಬೇಡ, ಟ್ಯೂಬ್ ಇರುವ ಟೈರಾದರೆ ಕಲ್ಲಿಗೆ ಬಡಿದು ಟ್ಯೂಬೇ ಒಡೆಯುತ್ತದೆ. ಟಾರ್ ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಬೇಕು. ನಾಲ್ಕು ಕಿಲೋಮೀಟರಿಗೆ ಇಷ್ಟೆಲ್ಲ ತಾಪತ್ರಯ ಬೇಡ ಅನಿಸಿದರೆ ಸುಮ್ನೆ ಬಿಟ್ಟುಬಿಡಿ, ನಿಧಾನ ಹೋದರೆ ನಡೆಯುತ್ತದೆ.

ಮೇಲೆ ಹೇಳಿದ್ದೆಲ್ಲ ಒಣ ದಾರಿಯ ಮಾತು. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಯಲ್ಲಿ ಕೆಂಪು ಜೇಡಿಮಣ್ಣಿನ ದಾರಿಗೆ ರೋಡ್ ಟೈರ್ ಹಾಕಿಕೊಂಡು ಇಳಿಯಬೇಡಿ. ಟೈರಿನ ಗೆರೆಗಳಲ್ಲಿ ಮಣ್ಣು ತುಂಬಿ ಅದು ಬೋಳು ಟೈರೇ ಆಗಿಬಿಡುತ್ತದೆ. ಮುಂದಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಸಂದು ಕಮ್ಮಿ ಇರೋದರಿಂದ ಅಲ್ಲಿ ಮಣ್ಣು ಕಚ್ಚಿ ಚಕ್ರ ತಿರುಗೋದೇ ನಿಲ್ಲಬಹುದು. ಹಾಗಾಗುವ ಮೊದಲೇ ನಿಲ್ಲಿಸಿ ಕಡ್ಡಿಯಿಂದ ಕೆದಕಿ. ಟಾರ್ ಇರುವ ಕಡೆಯೇ ಬೈಕ್ ನಿಲ್ಲಿಸಿ, ನೆಂಟರಿಗೆ ಫೋನ್ ಮಾಡಿ ಜೀಪು ಕರೆಸಿಕೊಳ್ಳೋದು ಇನ್ನೂ ಒಳ್ಳೆಯದು. ನಡುವೆ ಕಾಂಕ್ರೀಟ್ ತುಂಡು ಬಂತು ಅಂತ ನಿಟ್ಟುಸಿರು ಬಿಡಬೇಡಿ. ಮರದ ನೆರಳಿನಲ್ಲಿ ವರ್ಷದ ಅರ್ಧ ಒದ್ದೆಯಿರುವ ಕಾಂಕ್ರೀಟಿನ ಮೇಲೆ ಪಾಚಿ ಕಟ್ಟಿರುತ್ತದೆ, ಅದು ಜಲ್ಲಿಗಿಂತ ಮೋಸ. ಅಲ್ಲಿ ಬ್ರೇಕೂ ಬೇಡ, ಹ್ಯಾಂಡಲ್ ತಿರುವೋದೂ ಬೇಡ, ನೇರ ಹೋಗಿಬಿಡಿ. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಮೊದಲ ಹೂಮಳೆ ಬಿದ್ದ ದಿನವೂ ಹುಷಾರು, ಧೂಳಿನ ಮೇಲೆ ತೆಳ್ಳಗೆ ನೀರು ಬಿದ್ದು ದಾರಿ ಜಾರುತ್ತದೆ.

ಕೊಡಗಿನಲ್ಲೇ ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆಯ ತೋಟಗಳಾದರೆ ಬೆಳಗಿನ ಜಾವ, ಕತ್ತಲಾದ ಮೇಲೆ ಹೋಗಲೇಬೇಡಿ. ಅಲ್ಲಿ ಆನೆ ಓಡಾಡುತ್ತವೆ, ಜಲ್ಲಿಯ ಮೇಲೆ ಬೈಕ್ ತಿರುಗಿಸಿಕೊಂಡು ಓಡುವಷ್ಟು ಸಮಯ ಸಿಗೋದಿಲ್ಲ.

ಮುಂದಿನ ಸಲ ತೋಟಕ್ಕೆ ಹೋದಾಗ ಒಂದು ಒಣ ದಿನ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ, ಸಮತಟ್ಟು ಜಾಗ ನೋಡಿ 15 ಕಿಲೋಮೀಟರ್ ವೇಗದಲ್ಲಿ ಹಿಂದಿನ ಬ್ರೇಕ್ ಬೇಕಂತಲೇ ಒತ್ತಿ ಚಕ್ರ ಜಾರಿಸಿ ನೋಡಿ. ಹೆಲ್ಮೆಟ್, ಗ್ಲೌಸ್, ಪಾದದ ಗಂಟು ಮುಚ್ಚುವ ಬೂಟು ಹಾಕಿಕೊಂಡೇ ಮಾಡಿ. ಹ್ಯಾಂಡಲ್ ನೇರ ಇದ್ದರೆ ಚಕ್ರ ಜಾರಿದರೂ ಬೈಕ್ ಸಾಮಾನ್ಯವಾಗಿ ಬೀಳೋದಿಲ್ಲ, ಬ್ರೇಕ್ ಬಿಟ್ಟ ತಕ್ಷಣ ನೇರವಾಗುತ್ತದೆ ಅನ್ನೋದು ನಿಮ್ಮ ಕಾಲಿಗೇ ಗೊತ್ತಾಗುತ್ತದೆ. ಅದಾದ ಮೇಲೆ ಹೇರ್‌ಪಿನ್ ಕಡೆ ಹೊರಡಿ.