ಎರಡು ಅಭಿರುಚಿಗಳ ನಡುವೆ ಗ್ವೀಡೊ ಮರೀನಿ

ಪೋಪ್ ಅರ್ಪಿಸುವ ಬಲಿಪೂಜೆಯನ್ನು (ಕ್ಯಾಥೋಲಿಕರ ಮುಖ್ಯ ಆರಾಧನೆ, 'ಮಾಸ್') ಟಿವಿಯಲ್ಲಿ ನೋಡಿದವರು ಅವರ ಪಕ್ಕದಲ್ಲಿ ಕೈಜೋಡಿಸಿ ನಿಂತ ಯಾಜಕರೊಬ್ಬರನ್ನು ಗಮನಿಸಿರಬಹುದು. ಯಾವಾಗ ಏಳಬೇಕು, ಯಾವ ಪುಟ ತೆರೆಯಬೇಕು, ಯಾವ ಉಡುಪು ಹೊರಬರಬೇಕು, ಎಲ್ಲವೂ ಅವರ ಹೊಣೆ. 2007ರಿಂದ 2021ರವರೆಗೆ ಆ ಹೊಣೆ ಹೊತ್ತವರು ಇಟಲಿಯ ಜೆನೋವಾದ ಗ್ವೀಡೊ ಮರೀನಿ.

ಅವರ ನೇಮಕದ ಹಿಂದೆ ಹಳೆಯ ಜಗಳವೊಂದಿತ್ತು. ಕ್ಯಾಥೋಲಿಕ ಧರ್ಮಾಧ್ಯಕ್ಷರ (ಬಿಷಪ್‌ಗಳ) ಜಾಗತಿಕ ಸಭೆಯಾದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಪೂಜಾವಿಧಿಯ ಸುಧಾರಣೆಗೆ ಒಪ್ಪಿಗೆ ಕೊಟ್ಟಿತು. ಲ್ಯಾಟಿನ್ ಹಿಂದೆ ಸರಿದು ಜನರ ಭಾಷೆಗಳು ಬಲಿಪೀಠಕ್ಕೆ ಬಂದವು. ಆ ಸುಧಾರಣೆಯ ಸೂತ್ರಧಾರ ಅನ್ನಿಬಾಲೆ ಬುನ್ಯೀನಿಯವರ ಕಾರ್ಯದರ್ಶಿಯಾಗಿದ್ದ ಪಿಯೆರೊ ಮರೀನಿ 1987ರಲ್ಲಿ ಪೋಪರ ವಿಧಿಗಳ ಮುಖ್ಯಸ್ಥರಾದರು. ಆಗಿನ ಪೋಪ್ ಎರಡನೇ ಜಾನ್ ಪೌಲ್ ಹೋದ ದೇಶಗಳಲ್ಲೆಲ್ಲ ಅಲ್ಲಿನ ಹಾಡು, ಕುಣಿತ ಪೂಜೆಯೊಳಗೆ ಸೇರಿದವು. ಇದನ್ನು ಕಂಡು ಹಿಗ್ಗಿದವರಿದ್ದರು, ಪಾವಿತ್ರ್ಯ ತೆಳುವಾಯಿತೆಂದು ನೊಂದವರೂ ಇದ್ದರು.

ನೊಂದವರ ಮಾತು ಮುಂದಿನ ಪೋಪ್ 16ನೇ ಬೆನೆಡಿಕ್ಟ್ ಅವರಿಗೆ ಹತ್ತಿರವಾಗಿತ್ತು. 2007ರ ಜುಲೈನಲ್ಲಿ ಅವರು ಹಳೆಯ ಲ್ಯಾಟಿನ್ ಪೂಜೆಗೆ ವಿಶಾಲ ಅನುಮತಿ ನೀಡಿದರು. ಅಕ್ಟೋಬರ್‌ನಲ್ಲಿ ಪಿಯೆರೊ ಅವರ ಜಾಗಕ್ಕೆ ಗ್ವೀಡೊ ಬಂದರು. ಮನೆಹೆಸರು ಒಂದೇ, ನೆಂಟಸ್ತಿಕೆ ಏನೂ ಇಲ್ಲ. 42 ವರ್ಷದ ಈ ಯಾಜಕರು ಕಾನೂನಿನಲ್ಲಿ ಡಾಕ್ಟರೇಟ್ ಪಡೆದವರು, ಜೆನೋವಾದ ಮೂವರು ಮಹಾಧರ್ಮಾಧ್ಯಕ್ಷರಿಗೆ ಕಾರ್ಯದರ್ಶಿಯಾಗಿದ್ದವರು.

ಬದಲಾವಣೆ ಬಲಿಪೀಠದ ಮೇಲೆಯೇ ಕಂಡಿತು. ನಡುವೆ ಶಿಲುಬೆ, ಸಾಲಾಗಿ ಏಳು ಮೇಣದ ಬತ್ತಿಗಳು: ಯಾಜಕರೂ ಜನರೂ ಒಬ್ಬರ ಮುಖವನ್ನು ಒಬ್ಬರು ನೋಡುವ ಬದಲು ಕ್ರಿಸ್ತನನ್ನು ನೋಡಲಿ ಎಂಬ ಆಶಯ. 2008ರಲ್ಲಿ, ಈಸ್ಟರ್‌ಗೆ ವಾರದ ಮುಂಚಿನ ಗರಿಗಳ ಭಾನುವಾರದಂದು ಪೋಪರ ಕೈಗೆ 19ನೇ ಶತಮಾನದ ಪೋಪ್ ಒಂಬತ್ತನೇ ಪಿಯುಸ್ ಅವರ ಚಿನ್ನದ ಬಣ್ಣದ ಶಿಲುಬೆದಂಡ ಬಂತು. ಅದೇ ವರ್ಷ, ಪೋಪ್ ಕೈಯಿಂದ ಪರಮಪ್ರಸಾದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಪಡೆಯುವವರು ಮೊಣಕಾಲೂರಿ ನಾಲಿಗೆಯ ಮೇಲೆ ಸ್ವೀಕರಿಸುವ ಪದ್ಧತಿ ಶುರುವಾಯಿತು. ಸುಧಾರಣೆಯ ಪರವಾಗಿದ್ದವರು ಇದನ್ನು ಹಿನ್ನಡೆ ಎಂದರು. ನನಗೆ ಅದು ಹಾಗೆ ತೋರುವುದಿಲ್ಲ. ಆ ಬಲಿಪೀಠದಲ್ಲಿ ಗಮನವನ್ನು ಒಂದೆಡೆ ಕೂಡಿಸುವ ಶಿಸ್ತಿತ್ತು.

2013ರ ಮಾರ್ಚ್ 12ರಂದು, ಹೊಸ ಪೋಪರ ಚುನಾವಣೆ ಶುರುವಾಗುವಾಗ, 'ಎಕ್ಸ್ಟ್ರಾ ಓಮ್ನೆಸ್' (ಎಲ್ಲರೂ ಹೊರಗೆ) ಎಂದು ಘೋಷಿಸಿ, ಹೊರಗಿನವರನ್ನೆಲ್ಲ ಕಳುಹಿಸಿ, ಸಿಸ್ಟೀನ್ ಚಾಪೆಲ್‌ನ ಬಾಗಿಲು ಮುಚ್ಚಿದವರು ಗ್ವೀಡೊ ಮರೀನಿ. ಮರುದಿನ ಸಂಜೆ ಪೋಪ್ ಆಗಿ ಆಯ್ಕೆಯಾದ ಫ್ರಾನ್ಸಿಸ್, ರೂಢಿಯ ಕೆಂಪು ಮೇಲುಹೊದಿಕೆಯಿಲ್ಲದೆ, ಬಿಳಿ ನಿಲುವಂಗಿಯಲ್ಲೇ ಮೊಗಸಾಲೆಗೆ ಬಂದರು. ಹದಿನೈದು ದಿನಗಳಲ್ಲಿ, ಕ್ರಿಸ್ತನು ಶಿಷ್ಯರ ಪಾದ ತೊಳೆದುದನ್ನು ನೆನೆಯುವ ಪವಿತ್ರ ಗುರುವಾರದಂದು, ರೋಮ್‌ನ ಬಾಲಾಪರಾಧಿಗಳ ಸೆರೆಮನೆಯಲ್ಲಿ 12 ಮಂದಿಯ ಪಾದ ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಪುರುಷರ ಪಾದಗಳನ್ನಷ್ಟೇ ತೊಳೆಯಬೇಕೆಂಬ ಅಂದಿನ ನಿಯಮ ಬದಲಾದದ್ದು 2016ರಲ್ಲಿ.

ಮರೀನಿಯವರ ದಿನಗಳು ಮುಗಿದವೆಂದು ಹಲವರು ಭಾವಿಸಿದರು. ಆದರೆ ಫ್ರಾನ್ಸಿಸ್ ಮರೀನಿಯವರನ್ನು ಎಂಟು ವರ್ಷ ಉಳಿಸಿಕೊಂಡರು, 2019ರಲ್ಲಿ ಸಿಸ್ಟೀನ್ ಗಾಯಕವೃಂದದ ಹೊಣೆಯನ್ನೂ ಕೊಟ್ಟರು. ಹೊಸ ಪೋಪರ ಸರಳತೆಗೆ ಮರೀನಿ ಅಡ್ಡ ಬರಲಿಲ್ಲ. ಈ ಹುದ್ದೆಯ ಘನತೆ ಇರುವುದೇ ಇಲ್ಲಿ: ತನ್ನ ಒಲವು ಏನೇ ಇರಲಿ, ಪೋಪ್ ಪ್ರಾರ್ಥಿಸುವ ರೀತಿಗೆ ದಾರಿ ಮಾಡಿಕೊಡುವುದು. 2020ರ ಮಾರ್ಚ್ 27ರಂದು ಕೋವಿಡ್ ನಡುವೆ, ಮಳೆ ಸುರಿಯುತ್ತಿದ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಫ್ರಾನ್ಸಿಸ್ ಪ್ರಾರ್ಥಿಸಿದಾಗಲೂ ಜೊತೆಗಿದ್ದವರು ಮರೀನಿಯೇ.

2021ರ ಆಗಸ್ಟ್‌ನಲ್ಲಿ ಅವರು ಉತ್ತರ ಇಟಲಿಯ ತೊರ್ತೋನಾದ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಅಕ್ಟೋಬರ್ 17ರಂದು ಫ್ರಾನ್ಸಿಸ್ ತಾವೇ ಅವರಿಗೆ ದೀಕ್ಷೆ ನೀಡಿದರು. ವ್ಯಾಟಿಕನ್‌ನಲ್ಲಿ ಅವರ ಸ್ಥಾನಕ್ಕೆ ಬಂದ ಡಿಯೇಗೊ ರವೆಲ್ಲಿ 2025ರಲ್ಲಿ ಫ್ರಾನ್ಸಿಸ್ ಅವರ ಅಂತ್ಯವಿಧಿಯನ್ನೂ ಮುಂದಿನ ಪೋಪ್ ಚುನಾವಣೆಯ ವಿಧಿಗಳನ್ನೂ ನಡೆಸಿಕೊಟ್ಟರು. ಆ ವರ್ಷದ ಮೇ 8ರಂದು ಹೊಸ ಪೋಪ್ 14ನೇ ಲಿಯೋ ಕೆಂಪು ಮೇಲುಹೊದಿಕೆ ಧರಿಸಿಯೇ ಜನರೆದುರು ಬಂದರು.