ಮಗು ಎಡವಿದಲ್ಲಿಂದಲೇ ಪಾಠ ಶುರು

‘ಸೂರ್ಯ’ ಎಂಬ ಪದವನ್ನು ಮಗು ‘ಸೂಯರ’ ಎಂದು ಓದಿದರೆ ನಾವು ಥಟ್ಟನೆ ಹೇಳುವುದು, ‘ಸರಿಯಾಗಿ ನೋಡಿ ಓದು’ ಅಂತ. ಮಗು ಸರಿಯಾಗಿಯೇ ನೋಡಿದೆ. ಪುಟದಲ್ಲಿ ಮೊದಲು ‘ಯ’ ಇದೆ, ಅರ್ಕಾವತ್ತು ಅದರ ಬಲಕ್ಕಿದೆ. ಆದರೆ ಬಾಯಲ್ಲಿ ‘ರ್’ ಮೊದಲು ಬರಬೇಕು. ಹೆಚ್ಚಿನ ಮಕ್ಕಳಿಗೆ ಇದು ಓದುತ್ತಾ ಓದುತ್ತಾ ರೂಢಿಯಾಗುತ್ತದೆ. ಡಿಸ್ಲೆಕ್ಸಿಯಾ, ಅಂದರೆ ಓದು-ಬರಹ ಕಲಿಯುವಲ್ಲಿ ತೊಡಕು ಇರುವ ಮಗುವಿಗೆ ಯಾರಾದರೂ ಪಕ್ಕದಲ್ಲಿ ಕೂತು ಬಿಡಿಸಿ ಹೇಳಿಕೊಡಬೇಕು, ಮತ್ತೆ ಮತ್ತೆ ಹೇಳಿಕೊಡಬೇಕು.

ಡಿಸ್ಲೆಕ್ಸಿಯಾ ಕಣ್ಣಿನ ದೋಷವಲ್ಲ. ಬುದ್ಧಿ ಕಡಿಮೆ ಎಂಬುದರ ಗುರುತೂ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ತೊಡಕು ಇರುವುದು ಮಾತಿನ ದನಿಗಳನ್ನು ಬಿಡಿಸಿ, ಅವನ್ನು ಅಕ್ಷರಕ್ಕೆ ಹೊಂದಿಸುವಲ್ಲಿ. ‘ಕಿ’ಯಲ್ಲಿ ಒಂದು ‘ಕ್’, ಒಂದು ‘ಇ’ ಇದೆ ಎಂಬುದು ನಮಗೆ ಸಲೀಸಾಗಿ ಗೊತ್ತಾಗುತ್ತದೆ. ಆ ಮಗುವಿಗೆ ಹಾಗೆ ಗೊತ್ತಾಗುವುದಿಲ್ಲ.

ಒಬ್ಬೊಬ್ಬರಿಗೇ ಪಾಠ ಯಾಕೆ ಬೇಕು? ಮೂರು ಮಕ್ಕಳನ್ನು ಊಹಿಸಿಕೊಳ್ಳಿ. ಮೂವರಿಗೂ ಓದಿನ ಪರೀಕ್ಷೆಯಲ್ಲಿ ಒಂದೇ ಅಂಕ. ಒಬ್ಬಳು ಒತ್ತಕ್ಷರ ಬಿಡುತ್ತಾಳೆ, ‘ಅಕ್ಕ’ ಅವಳ ಬಾಯಲ್ಲಿ ‘ಅಕ’. ಇನ್ನೊಬ್ಬನಿಗೆ ದೀರ್ಘ ಸಿಗುವುದಿಲ್ಲ, ‘ಬಾಳೆ’ ಇದ್ದಲ್ಲಿ ‘ಬಳೆ’ ಓದುತ್ತಾನೆ. ಮೂರನೆಯವಳು ಎಲ್ಲವನ್ನೂ ಸರಿಯಾಗಿ ಓದುತ್ತಾಳೆ, ಆದರೆ ಒಂದೊಂದೇ ಅಕ್ಷರ ಕೂಡಿಸಿಕೊಂಡು. ವಾಕ್ಯ ಮುಗಿಯುವ ಹೊತ್ತಿಗೆ ಅದರ ಶುರು ಮರೆತಿರುತ್ತದೆ. ಈ ಮೂವರನ್ನೂ ಕೂರಿಸಿ ಒಂದೇ ಕಾಗುಣಿತ ಬರೆಸಿದರೆ ಏನು ಬಂತು? ಒಳ್ಳೆಯ ಟೀಚರ್ ತಪ್ಪನ್ನು ತಿದ್ದುವ ಮೊದಲು ಗುರುತು ಹಾಕಿಕೊಳ್ಳುತ್ತಾರೆ. ನಾಳೆ ಯಾವ ಪದ ಓದಿಸಬೇಕು ಎಂದು ಹೇಳುವುದು ಇವತ್ತಿನ ತಪ್ಪೇ.

ಎಲ್ಲ ತಪ್ಪೂ ತಪ್ಪಲ್ಲ ಎಂಬುದನ್ನೂ ಅವರು ತಿಳಿದಿರಬೇಕು. ‘ಹಾಲು’ ಎಂದು ಬರೆದದ್ದನ್ನು ಮಗು ‘ಆಲು’ ಎಂದರೆ, ಅದು ಮನೆಯ ಮಾತು ಇರಬಹುದು. ‘ಧ’ ಬರೆಯುವಲ್ಲಿ ‘ದ’ ಬರೆದರೂ ಹಾಗೆಯೇ. ಅದಕ್ಕೆ ಡಿಸ್ಲೆಕ್ಸಿಯಾ ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ.

ಈ ಬಗೆಯ ಕಲಿಸುವಿಕೆಗೆ ಹಳೆಯ ಬೇರು ಅಮೆರಿಕದಲ್ಲಿದೆ. 1920ರ ದಶಕದಲ್ಲಿ ಅಯೋವಾದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಓದಲು ತೊಡಕಿದ್ದ ಮಕ್ಕಳನ್ನು ಪರೀಕ್ಷಿಸಿದರು. ಮುಂದೆ ಶಿಕ್ಷಕಿ ಆ್ಯನಾ ಗಿಲ್ಲಿಂಗ್‌ಹ್ಯಾಮ್ ಪಾಠಕ್ಕೆ ಒಂದು ಕ್ರಮ ಕಟ್ಟಿದರು: ನೋಡು, ಹೇಳು, ಕೇಳು, ಬೆರಳಿನಿಂದ ಬರೆ. ಇದರಲ್ಲಿ ಗಟ್ಟಿ ಆಧಾರ ಸಿಕ್ಕಿರುವುದು ದನಿ ಮತ್ತು ಅಕ್ಷರದ ನಂಟನ್ನು ಮುಚ್ಚುಮರೆಯಿಲ್ಲದೆ, ಹಂತ ಹಂತವಾಗಿ ಕಲಿಸುವುದಕ್ಕೆ. ಮರಳಿನಲ್ಲಿ ಬರೆಸಿದ್ದರಿಂದಲೇ ಓದು ಬಂತು ಎನ್ನುವಷ್ಟು ಪುರಾವೆ ಇಲ್ಲ. ಮಕ್ಕಳಿಗೆ ಇಷ್ಟವಾದರೆ ಬರೆಸಿ, ಅಷ್ಟೇ.

ಪಾಠದಿಂದ ಮಿದುಳೂ ಬದಲಾಗುತ್ತದೆ. 2018ರಲ್ಲಿ ಪ್ರಕಟವಾದ, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಓದಲು ಕಷ್ಟಪಡುತ್ತಿದ್ದ 7ರಿಂದ 12 ವರ್ಷದ 24 ಮಕ್ಕಳಿದ್ದರು. ದಿನಕ್ಕೆ 4 ಗಂಟೆ, ವಾರಕ್ಕೆ 5 ದಿನ, 8 ವಾರ, ಒಬ್ಬರಿಗೆ ಒಬ್ಬ ಟೀಚರ್. ಸರಾಸರಿ ಒಂದು ತರಗತಿಯಷ್ಟು ಓದು ಸುಧಾರಿಸಿತು. ಮಿದುಳಿನ ಭಾಗಗಳನ್ನು ಬೆಸೆಯುವ ಬಿಳಿ ನರತಂತುಗಳಲ್ಲೂ ಅಷ್ಟೇ ವಾರಗಳಲ್ಲಿ ಬದಲಾವಣೆ ಕಂಡಿತು. ಖುಷಿಯ ಸುದ್ದಿ ಹೌದು. ಆದರೆ ಲೆಕ್ಕ ಹಾಕಿ, ಅದು 160 ಗಂಟೆಯ ದುಡಿಮೆ. ಭಾನುವಾರ ಅರ್ಧ ಗಂಟೆ ಕೂರಿಸಿ ‘ಇನ್ನೂ ಬರ್ತಿಲ್ಲ’ ಎಂದು ಗದರುವುದು ಎಷ್ಟು ಸರಿ?

ಇಂಗ್ಲಿಷಿನ ಪಾಠವನ್ನು ಹಾಗೆಯೇ ಕನ್ನಡಕ್ಕೆ ತಂದರೂ ಕೆಲಸ ಆಗದು. ಅಲ್ಲಿ 26 ಅಕ್ಷರ, ಗೊಂದಲವೆಲ್ಲ ಉಚ್ಚಾರದಲ್ಲಿ. ನಮ್ಮಲ್ಲಿ ಉಚ್ಚಾರ ಬಹುಮಟ್ಟಿಗೆ ನೇರ, ಆದರೆ ಕಾಗುಣಿತ, ಒತ್ತು ಸೇರಿ ರೂಪಗಳು ನೂರಾರು. ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆಯ ಪ್ರಕಾರ ಈ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ನಾಲ್ಕನೇ ಕ್ಲಾಸಿನಲ್ಲೂ ನಡೆದೇ ಇರುತ್ತದೆ. ಅಂದರೆ ನಮ್ಮ ಟೀಚರ್ ಒತ್ತಕ್ಷರಕ್ಕೆ ಜಾಸ್ತಿ ಸಮಯ ಕೊಡಲೇಬೇಕು. ಡಿಸ್ಲೆಕ್ಸಿಯಾ ಇದೆಯೇ ಎಂದು ಕನ್ನಡದಲ್ಲೇ ಪರೀಕ್ಷಿಸುವ ಸಾಧನವೂ ಇದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ ‘ಡಾಲಿ’ಯಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡವೂ ಸೇರಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕರು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ ಇವಕ್ಕೆ ದಾರಿ ಮಾಡಿದೆ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಇವಕ್ಕೆ ಬೇಕಾದ ಸರ್ಟಿಫಿಕೇಟಿಗೆ ಓಡುವವರು ಬಹಳ. ಓದಿಸುವ ಕೆಲಸಕ್ಕೆ ಅಷ್ಟು ಕಾಯಬೇಡಿ. ಎರಡನೇ, ಮೂರನೇ ಕ್ಲಾಸಿನಲ್ಲೇ ಅನುಮಾನ ಬಂದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮಗು ತಪ್ಪಾಗಿ ಓದಿದ ಪದಗಳನ್ನು ಅದು ಓದಿದ ಹಾಗೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ತಜ್ಞರ ಹತ್ತಿರ ಹೋಗುವಾಗ ಅಂಕಪಟ್ಟಿಯ ಜೊತೆ ಆ ನೋಟ್‌ಬುಕ್ಕನ್ನೂ ಒಯ್ಯಿರಿ.