ಊದಿದ ಕಾಲಿಗೆ ಸೋಪು, ನೀರು, ಒಂದು ಜೊತೆ ಶೂ

ಇಥಿಯೋಪಿಯಾದ ಎತ್ತರದ ಊರುಗಳಲ್ಲಿ ರೈತರ ಕಾಲು ಊದಿಕೊಳ್ಳುವ ಒಂದು ಕಾಯಿಲೆ ಇದೆ. ನೋಡೋಕೆ ನಮ್ಮ ಆನೆಕಾಲಿನ ಥರಾನೇ. ಆದರೆ ಸೊಳ್ಳೆಯಿಂದ ಬರುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಬರುವುದು ಮಣ್ಣಿನಿಂದ. ಹೆಸರು ಪೋಡೋಕೋನಿಯೋಸಿಸ್.

ಜ್ವಾಲಾಮುಖಿಯ ಕಲ್ಲು ಸವೆದು ಆದ ಕೆಂಪು ಜೇಡಿಮಣ್ಣಿನಲ್ಲಿ ವರ್ಷಗಟ್ಟಲೆ ಬರಿಗಾಲಲ್ಲಿ ದುಡಿದರೆ, ಅದರ ಸಣ್ಣ ಸಣ್ಣ ಕಣಗಳು ಪಾದದ ಚರ್ಮದ ಮೂಲಕ ಒಳಗೆ ಹೋಗಿ ದುಗ್ಧನಾಳಗಳನ್ನು ಕೆರಳಿಸುತ್ತವೆ. ಮೈಯೊಳಗೆ ಸೋರಿದ ನೀರನ್ನು ವಾಪಸ್ ರಕ್ತಕ್ಕೆ ಸೇರಿಸುವ ಕೊಳವೆಗಳು ಇವು. ಬಸಿಗಾಲುವೆಯಲ್ಲಿ ಹೂಳು ತುಂಬಿದರೆ ಗದ್ದೆಯಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ ಕಾಲಲ್ಲೇ ನೀರು ನಿಲ್ಲುತ್ತದೆ. ಮಣ್ಣೇ ಕಾರಣ ಅಂತ 1970ರ ದಶಕದಲ್ಲಿ ಊರೂರು ಸುತ್ತಿ ತೋರಿಸಿಕೊಟ್ಟವರು ಅರ್ನೆಸ್ಟ್ ಪ್ರೈಸ್ ಎಂಬ ಬ್ರಿಟಿಷ್ ಸರ್ಜನ್. ಒಂದೇ ಹೊಲದಲ್ಲಿ ದುಡಿದರೂ ಎಲ್ಲರಿಗೂ ಬರುವುದಿಲ್ಲ. ಕೆಲವು ಮನೆತನಗಳಲ್ಲಿ ಜಾಸ್ತಿ. ಅದಕ್ಕೆ ಸಂಬಂಧಪಟ್ಟ ಜೀನ್‌ಗಳ ಸುಳಿವು 2012ರಲ್ಲಿ ಸಿಕ್ಕಿತು.

ಹುಣಸೂರು, ಎಚ್.ಡಿ. ಕೋಟೆ ಕಡೆಯೂ ಕೆಂಪು ಮಣ್ಣೇ ಅಲ್ವಾ ಅಂತ ಹೆದರಬೇಡಿ. ನಮ್ಮದು ಗ್ರಾನೈಟ್, ನೈಸ್ (gneiss) ಅನ್ನುವ ಕಲ್ಲುಗಳಿಂದ ಆದ ಮಣ್ಣು, ಜ್ವಾಲಾಮುಖಿಯದ್ದಲ್ಲ. ಅದೇ ಬೇರೆ, ಇದೇ ಬೇರೆ.

ಆದರೆ ಜನರ ಮಾತು ಮಾತ್ರ ಅಲ್ಲೂ ಇಲ್ಲೂ ಒಂದೇ. ಅಲ್ಲಿ ಈ ಕಾಲಿರುವವರ ಮನೆಗೆ ಹೆಣ್ಣು ಕೊಡಲ್ಲ, ತರಲ್ಲ. ಶಾಪ ಅಂತಾರೆ. ಮದ್ದೂರು ಕಡೆಯ ಒಬ್ಬ ಅಮ್ಮನನ್ನು ನಾನು ಬಲ್ಲೆ. ಎಡಗಾಲು ಮೊಣಕಾಲಿನ ತನಕ ಊದಿದೆ. ಮೂರುದಾರಿಯಲ್ಲಿ ಇಳಿ ತೆಗೆದು ಹಾಕಿದ ನಿಂಬೆಹಣ್ಣು ತುಳಿದಿದ್ದಾಳೆ ಅಂತ ಊರೆಲ್ಲ ಮಾತು. ಯಾರೇ ಬಂದರೂ ಸೀರೆ ಎಳೆದು ಪಾದ ಮುಚ್ಚಿಕೊಳ್ಳುತ್ತಾರೆ. ಮುಚ್ಚಿಟ್ಟ ಕಾಲಿಗೆ ಗಾಳಿ ಆಡಲ್ಲ, ಬೆರಳ ಸಂದಿಯಲ್ಲಿ ತೇವ ನಿಂತು ಚರ್ಮ ಬೆಳ್ಳಗಾಗಿ ಬಿರಿಯುತ್ತದೆ, ಆ ಬಿರುಕಿನಿಂದಲೇ ಬ್ಯಾಕ್ಟೀರಿಯಾ ಒಳಗೆ ಹೋಗಿ ಚಳಿಜ್ವರ ಬರುತ್ತದೆ, ಕಾಲು ಕೆಂಡದಂತೆ ಸುಡುತ್ತದೆ, ದಿನಗಟ್ಟಲೆ ಕೂಲಿ ಹೋಗುತ್ತದೆ, ಜ್ವರ ಇಳಿದ ಮೇಲೆ ನೋಡಿದರೆ ಊತ ಇನ್ನಷ್ಟು ಏರಿರುತ್ತದೆ. ನಾಚಿಕೆಯೇ ಕಾಯಿಲೆಯನ್ನು ಬೆಳೆಸುತ್ತದೆ ಅಂತ ನಾನು ಹೇಳುವುದು ಇದಕ್ಕೇ.

ಇದನ್ನು ತಡೆಯುವುದು ಕಷ್ಟ ಅಲ್ಲ. ತಣ್ಣೀರು ಅಥವಾ ಉಗುರು ಬೆಚ್ಚಗಿನ ನೀರು, ಸಾದಾ ಸೋಪು. ದಿನಾ ತೊಳೆಯಬೇಕು. ಉಜ್ಜಬಾರದು, ಮಡಿಕೆ ಮಡಿಕೆಯೂ ಬಿಡಿಸಿ ನಿಧಾನಕ್ಕೆ ತೊಳೆಯಬೇಕು. ಆಮೇಲೆ ಹಳೇ ಹತ್ತಿ ಪಂಚೆಯ ತುಂಡನ್ನು ಒಂದೊಂದು ಬೆರಳ ಸಂದಿಗೂ ತೂರಿಸಿ ತೇವ ಒತ್ತಿ ತೆಗೆಯಬೇಕು. ಬಹಳ ಜನ ಬಿಡುವುದು ಇದನ್ನೇ, ಎಲ್ಲಕ್ಕಿಂತ ಮುಖ್ಯ ಇದೇ. ಒಣ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ, ಬೆರಳ ಸಂದಿ ಬಿಟ್ಟು. ಕೂತಾಗ ಕಾಲು ಮೇಲಿಡಿ, ಪಾದ ಮೇಲೆ ಕೆಳಗೆ ಆಡಿಸಿ. ಹೊರಗೆ ಹೋಗುವಾಗ ಸಾಕ್ಸ್, ಬಿಗಿಯಾಗದ ಶೂ. ಬ್ಲೇಡಿನಲ್ಲಿ ಗೀರುವುದು, ಬಿಸಿ ಶಾಖ ಕೊಡುವುದು ಖಂಡಿತ ಬೇಡ. ಜ್ವರ ಬಂದಾಗ ಕಾಲಿಗೆ ತಣ್ಣೀರು ಬಟ್ಟೆ ಹಾಕಿ, ಡಾಕ್ಟರ ಹತ್ತಿರ ಹೋಗಿ.

ಇಷ್ಟರಿಂದ ಏನಾದೀತು ಅನ್ನಿಸಬಹುದು. ಇಥಿಯೋಪಿಯಾದಲ್ಲಿ ಸುಮಾರು 700 ಪೋಡೋಕೋನಿಯೋಸಿಸ್ ರೋಗಿಗಳನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಫಲಿತಾಂಶ 2018ರಲ್ಲಿ ಬಂತು. ಈ ಆರೈಕೆ ಸಿಗದವರಿಗೆ ವರ್ಷಕ್ಕೆ ಸರಾಸರಿ 24 ಸಲ ಕಾಲು ಸುಡುವ ಆ ಜ್ವರ, ನೋವು ಬಂದರೆ, ಸಿಕ್ಕವರಿಗೆ 19 ಸಲ. ಪೂರ್ತಿ ನಿಲ್ಲಲಿಲ್ಲ, ನಿಜ. ಆದರೆ ಐದು ಸಲ ಮಲಗುವುದು ತಪ್ಪಿದರೆ ಕೂಲಿಯವರಿಗೆ ಅದೇನು ಸಣ್ಣದಲ್ಲ.

ನಮ್ಮ ರಾಜ್ಯದಲ್ಲಿ ಸೊಳ್ಳೆಯಿಂದ ಬರುವ ಆನೆಕಾಲು ಕರಾವಳಿ, ಕಲಬುರಗಿ, ಬೀದರ್ ಕಡೆಯದು. ಮಂಡ್ಯ, ಮೈಸೂರಿನಲ್ಲಿ ಕಾಲು ಊದಿದರೆ ಬೇರೆ ಕಾರಣಗಳೂ ಇರುತ್ತವೆ. ಹೃದಯ, ಕಿಡ್ನಿ, ಕ್ಯಾನ್ಸರ್ ಆಪರೇಷನ್ ಆದ ಮೇಲಿನ ಊತ, ಹೀಗೆ. ಮೊದಲು ತೋರಿಸಿ. ದುಗ್ಧನಾಳದ ಊತವೇ ಅಂತಾದರೆ, ಕಾರಣ ಏನೇ ಇರಲಿ, ದಿನದ ಆರೈಕೆ ಹೆಚ್ಚುಕಡಿಮೆ ಮೇಲೆ ಹೇಳಿದ್ದೇ.

ಇನ್ನೊಂದು ಮಾತು. ಕಾಲು ಭಾರವಾದವರಿಗೆ, ವಯಸ್ಸಾದವರಿಗೆ ಬಗ್ಗಿ ತಮ್ಮ ಬೆರಳ ಸಂದಿ ಮುಟ್ಟೋಕೇ ಆಗಲ್ಲ. ಇಥಿಯೋಪಿಯಾದ ವೊಲೈಟಾದಲ್ಲಿ ಈ ಕಾಯಿಲೆ ಅನುಭವಿಸಿದವರೇ ಬೇರೆಯವರಿಗೆ ಕಾಲು ತೊಳೆಯುವುದನ್ನು ಹೇಳಿಕೊಡುತ್ತಾರೆ, ದಪ್ಪ ಪಾದಕ್ಕೆ ಅಳತೆ ತೆಗೆದು ಶೂ ಹೊಲಿದು ಕೊಡುತ್ತಾರೆ. ನಮ್ಮಲ್ಲಿ ಆ ಕೆಲಸ ಮನೆಯವರದ್ದು. ಮಗನೋ ಸೊಸೆಯೋ ದಿನಾ ಪಕ್ಕದಲ್ಲಿ ಕೂತು ಒರೆಸಿಕೊಡಬೇಕು, ಕೆಲವು ದಿನದಲ್ಲಿ ಇಬ್ಬರಿಗೂ ರೂಢಿಯಾಗುತ್ತದೆ. ಅಂಟುವುದಿಲ್ಲ, ಧೈರ್ಯವಾಗಿ ಮುಟ್ಟಿ.